ವೆಸೆಲ್ಸ್ ಅವರ ಅಂಚೆ ಡಬ್ಬಿ

ಜುಟ್ಫೆನ್
೧೧ ಮಾರ್ಚ್ ೨೦೧೯

ಪ್ರೀತಿಯ ರೂಲೀನ್,

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲು ಎರಡು ಸಲ ಕುಳಿತೆ, ಎರಡು ಸಲವೂ ಎದ್ದುಹೋದೆ. ಮುನಿಸಿಕೊಳ್ಳಬೇಡ. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಚಳಿ ಇಳಿದಿದೆ, ನದಿಯ ನೀರೂ ಹುಲ್ಲುಗಾವಲು ಬಿಟ್ಟು ಹಿಂದೆ ಸರಿದಿದೆ.

ನಮ್ಮ ಚಳವಳಿ ಏನಾಯಿತೆಂದು ನೀನು ಕೇಳಿದ್ದೆ. ಗೆದ್ದೆವು ಎನ್ನಬೇಕು. ಪ್ರತಿ ಬುಧವಾರ ಪ್ಲಾಸ್ಟಿಕ್ ಸುತ್ತಿಕೊಂಡು ಬರುತ್ತಿದ್ದ ಜಾಹೀರಾತಿನ ಕಟ್ಟು (ಸೋಫಾ, ಟೈರು, ಅರ್ಧ ಬೆಲೆಯ ಮಾಂಸ ಅಂತೆಲ್ಲ) ನಮ್ಮ ಕಟ್ಟಡದಲ್ಲಿ ಈಗ ಯಾರಿಗೂ ಬರುವುದಿಲ್ಲ. ಡಬ್ಬಿಯ ಮೇಲೆ ‘ಜಾಹೀರಾತು ಬೇಡ’ ಎಂಬ ಚೀಟಿ ಅಂಟಿಸಿದ್ದರೆ ಹಂಚುವವರು ಹಾಕುವಂತಿಲ್ಲ. ಮನೆಮನೆಗೂ ಹೋಗಿ ಕೇಳಿದೆ. ಮೇಲಿನ ಮನೆಯ ಟ್ರೈಂಟ್ಯೆ ಬಾಗಿಲಲ್ಲೇ ನಿಲ್ಲಿಸಿ, “ರಿಟೈರ್ ಆದ್ರೂ ಟೀಚರ್ ಬುದ್ಧಿ ಹೋಗ್ಲಿಲ್ವಲ್ರೀ ನಿಮ್ಗೆ” ಎಂದು ಚುಚ್ಚಿದಳು. ಆಮೇಲೆ ತಂಗಿಗೂ ಒಂದು ಇರಲೆಂದು ಎರಡು ಚೀಟಿ ಇಸಿದುಕೊಂಡಳು. ಡಿಸೆಂಬರಿನಲ್ಲಿ ಊರಿನ ಪತ್ರಿಕೆಯವರು ಬಂದು, ಇಪ್ಪತ್ತನಾಲ್ಕು ಡಬ್ಬಿಗಳ ಮುಂದೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು.

ಫೆಬ್ರವರಿಯಲ್ಲಿ ನನ್ನ ಕೆಳಗಿನ ಮನೆಯ ವೆಸೆಲ್ಸ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಎಂಬತ್ತೊಂದು ವಯಸ್ಸು, ಒಬ್ಬರೇ. ಮಂಗಳವಾರ ಬಿದ್ದವರು ಶುಕ್ರವಾರದವರೆಗೂ ಅಲ್ಲೇ ಇದ್ದರು. ಕಿಟಕಿ ಒರೆಸಲು ಬಂದವನಿಗೆ ನರಳುವುದು ಕೇಳಿಸಿತು.

ಆಂಬುಲೆನ್ಸ್ ಹೋದ ಮೇಲೆ ಟ್ರೈಂಟ್ಯೆ ಅಂದಳು: “ಮುಂಚೆ ಆಗಿದ್ರೆ ಬುಧವಾರದ ಕಟ್ಟು ಡಬ್ಬಿಯಿಂದ ಚಾಚ್ಕೊಂಡಿರೋದು. ಯಾಕಿನ್ನೂ ತೆಗ್ದಿಲ್ಲ ಅಂತ ಯಾರಾದ್ರೂ ಬಾಗ್ಲು ತಟ್ಟಿರೋರು.”

“ಮನುಷ್ಯ ಇದಾನೋ ಇಲ್ವೋ ತಿಳ್ಕೊಳ್ಳೋಕೆ ಸೋಫಾ ಜಾಹೀರಾತು ಬೇಕೇನ್ರೀ? ನಾವೆಲ್ಲ ಇಲ್ವಾ?” ಎಂದೆ. ಈಗ ಸರದಿ ಹಾಕಿಕೊಂಡು, ಒಂಟಿಯಾಗಿರುವ ಆರು ಮಂದಿಯ ಬಾಗಿಲನ್ನು ದಿನಾ ಬೆಳಿಗ್ಗೆ ತಟ್ಟುತ್ತೇವೆ. ಸರದಿ ಬರೆದವಳು ಟ್ರೈಂಟ್ಯೆ.

ಈಸ್ಟರಿಗೆ ಬಾ. ಮೆಟ್ಟಿಲು ಹತ್ತುವಷ್ಟು ಬಲ ದೇವರು ನಿನ್ನ ಕಾಲಿಗೆ ಕೊಡಲಿ, ಮನಸ್ಸಿಗೆ ನೆಮ್ಮದಿ ಕೊಡಲಿ.

ನಿನ್ನ
ಅಲೈಡಾ

ಇನ್ನೊಂದು ಮಾತು: ಇದನ್ನು ಟ್ರೈಂಟ್ಯೆಗೆ ಹೇಳಿಲ್ಲ. ವೆಸೆಲ್ಸ್ ಚೀಟಿ ಬೇಡ ಅಂದಿದ್ದರು. “ನಂಗೆ ಬರೋದೇ ಅದೊಂದು. ಚಿತ್ರ ನೋಡ್ತಾ ಕೂತಿರ್ತೀನಿ, ಇರ್ಲಿ ಬಿಡಿ” ಅಂದಿದ್ದರು. ಉಳಿದ ಇಪ್ಪತ್ತಮೂರು ಡಬ್ಬಿಯೂ ಆಗಿತ್ತು. ಫೋಟೋದವರು ಬರುವ ದಿನ ಬೆಳಿಗ್ಗೆ ನಾನೇ ಅವರ ಡಬ್ಬಿಗೂ ಅಂಟಿಸಿಬಿಟ್ಟೆ. ಚೀಟಿ ಸಣ್ಣದು, ಅವರ ಕಣ್ಣು ಮಂಜು. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ನನ್ನ ಕೈ ಹಿಡಿದುಕೊಂಡು, “ಆ ಕಾಗದ ಹಂಚೋರು ನನ್ನ ಮರ್ತೇಬಿಟ್ರು ಅನ್ಸುತ್ತೆ ಅಲೈಡಾ” ಅಂದರು.

“ಇರ್ಬಹುದು” ಅಂದೆ.