ಗಾಜಿನೊಳಗಿನ ಬರೆ ಕಬ್ಬಿಣ

ನವೆಂಬರ್ ೧೪, ಶುಕ್ರವಾರ. ಟಿಬಿಲಿಸಿ.

ಇವತ್ತು ಸುಳ್ಳು ಹೇಳಿದೆ. ಯಾಕೆ ಹೇಳಿದೆನೋ ಇನ್ನೂ ತಿಳಿಯುತ್ತಿಲ್ಲ.

ಮೆಡಿಕಲ್ ಕಾಲೇಜಿನ ನಮ್ಮ ಕ್ಲಾಸಿನವರೆಲ್ಲ ವೈದ್ಯಕೀಯ ಇತಿಹಾಸದ ಮ್ಯೂಸಿಯಂಗೆ ಹೋಗಿದ್ದೆವು. ಒಂದು ಗಾಜಿನ ಪೆಟ್ಟಿಗೆಯಲ್ಲಿ ಬರೆ ಹಾಕುವ ಕಬ್ಬಿಣವಿತ್ತು. ಅದನ್ನು ಕಾಯಿಸಿ ರೋಗಿಯ ಮೈಗೆ ಒತ್ತುತ್ತಿದ್ದರಂತೆ. ಇಲ್ಲಿಯ ಗೆಳತಿ ಮರಿಯಮ್ ಮುಖ ಕಿವುಚಿ, "ನಿಮ್ಮ ಕಡೆಯೂ ಹೀಗೆ ಮಾಡುತ್ತಾರಾ?" ಎಂದಳು. ಇಲ್ಲ ಎಂದು ನಕ್ಕುಬಿಟ್ಟೆ. ನನ್ನ ಹೊಟ್ಟೆಯ ಮೇಲಿನ ಮೂರು ಕಲೆಗಳು ಸ್ವೆಟರಿನೊಳಗೇ ಇದ್ದವು.

ರೂಮಿಗೆ ಬಂದವಳೇ ನಮ್ಮೂರು ರಾರಾವಿಗೆ ಫೋನ್ ಹಚ್ಚಿ ಅಜ್ಜಿಯ ಮೇಲೆ ಹರಿಹಾಯ್ದೆ. "ಹಸುಗೂಸಿಗೆ ಬರಿ ಹಾಕಾಕ ನಿನಗ ಮನಸರ ಹೆಂಗ ಬಂತಬೇ? ದವಾಖಾನಿಗೆ ಒಯ್ಯಾಕ ಬರ್ತಿದ್ದಿಲ್ಲೇನು?"

ಅಜ್ಜಿ ಸಿಟ್ಟಾಗಲಿಲ್ಲ. "ಒಯ್ದಿದ್ವಿ ಯವ್ವಾ. ಸಿರುಗುಪ್ಪಕ್ಕ ಒಯ್ದಿದ್ವಿ, ಬಳ್ಳಾರಿಗೂ ಒಯ್ದಿದ್ವಿ. ಮನಿಗೆ ಕರ್ಕೊಂಡು ಹೋಗ್ರಿ ಅಂದ್ರು. ಮೂರು ದಿನ ನೀ ಅತ್ತಿದ್ದಿಲ್ಲ. ಬರಿ ಹಾಕಿದ ಕೂಡ್ಲೇ ಅತ್ತಿ."

ಸುಟ್ಟರೆ ಯಾವ ಕೂಸಾದರೂ ಅಳುತ್ತದೆ, ಅದರಿಂದ ರೋಗ ಹೋಗುವುದಿಲ್ಲ. ಇಷ್ಟು ಓದಿಕೊಂಡಿದ್ದೇನೆ. ಹಾಗಾದರೆ ನಾನು ಬದುಕಿದ್ದು ಹೇಗೆ? ಸಿಟ್ಟನ್ನಾದರೂ ಯಾರ ಮೇಲೆ ಮಾಡಲಿ?

ಆಮೇಲೆ ಅಜ್ಜಿಯೇ ಮೆಲ್ಲಗೆ ಕೇಳಿದಳು: "ಈಗೂ ಉರಿತೈತೇನು?"

ಇಲ್ಲಬೇ ಎಂದೆ. ಇದು ನಿಜವೋ, ಇದೂ ಸುಳ್ಳೋ, ನನಗೇ ಗೊತ್ತಿಲ್ಲ.