ದಾವಲಮಲಿಕನ ಕೈಪಟ್ಟಿ

ಸಡಾ, ಗೋವಾ

ತಂಗಿ ಕಾಶವ್ವಗ ಅಣ್ಣನ ಆಶೀರ್ವಾದ.

ಇಲ್ಲಿ ನಮ್ಮಂಥಾ ಮುದುಕರ ಕೈಗೆಲ್ಲ ಒಂದು ಕಂಪನಿಯವರು ಗಡಿಯಾರದಂಥಾ ಪಟ್ಟಿ ಕಟ್ಯಾರ. ಬ್ಯಾಂಡ್ ಅಂತಾರ, ಮದವಿ ಒಂದೂ ಇಲ್ಲ. ಯಾರರೆ ಬಿದ್ದರ ನರ್ಸ್ ನೀಲಾನ ಫೋನಿಗೆ ಅವರ ಹೆಸರು ಬರತೈತಿ. ಗೆಳೆಯ ದಾವಲಮಲಿಕ ನಮಾಜಿಗೆ ಕೈ ತೊಳಿವಾಗ ಅದನ್ನ ಬಿಚ್ಚತಾನ. ಕೊಂಡಿ ಒಂದ ಕೈಲೆ ಹಾಕಾಕ ಬರೂದಿಲ್ಲ, ನಾನ ಕಟ್ಟತೀನಿ. ಸೋಮವಾರ ಬೆಳಿಗ್ಗೆ ಚ್ಯಾಷ್ಟಿಗೆ ನಂದು ಅವಗ ಕಟ್ಟಿ, ಅವಂದು ನಾ ಕಟ್ಟಿಕೊಂಡೆ. ಎರಡೂ ಒಂದ ಥರಾ. ಯಾರ ಕೈಯಾಗ ಅದೀನಿ ಅಂತ ಆ ಪಟ್ಟಿಗೇನು ತಿಳೀತೈತಿ?

ಹನ್ನೊಂದಕ್ಕ ನೀಲಾ ನನ್ನ ಮನಿಗೆ ಓಡಿ ಬಂದಳು. "ದುಂಡಜ್ಜಾರ, ಬಿದ್ದೀರಂತಲ್ರಿ?"

"ಚಹಾದಾಗ ಬಿದ್ದೀನವಾ, ಈಸಾಕತ್ತೇನಿ," ಅಂದೆ. ನಕ್ಕೊಂತ ಹೊಂಟಳು. ಅದಲಬದಲ ಮಾಡಿದ್ದು ನನಗ ನೆನಪಾಗೂದರಾಗ ಅರ್ಧಾ ತಾಸು ಹೋಗಿತ್ತು. ಓಡಿ ಹೋಗಿ ನೋಡಿದರ ದಾವಲ ಖೋಲ್ಯಾಗ ಒಬ್ಬನ ಬಿದ್ದಿದ್ದ, ಹೇಣ್ತಿ ಕೆಲಸಕ್ಕ ಹೋಗಿದ್ಲು.

ಈಗ ದವಾಖಾನ್ಯಾಗ ಅದಾನ. ಬಲಗೈ ಏಳೂದಿಲ್ಲ, ಮಾತಿಲ್ಲ. ಅರ್ಧಾ ತಾಸು ಮೊದಲ ತಂದಿದ್ರ ಮಾತು ಉಳೀತಿತ್ತು ಅಂತಾರ ಡಾಕ್ಟರು. ಮಶೀನು ಕೆಟ್ಟಿತ್ತು ಅಂತ ನೀಲಾ ಕಂಪನಿಗೆ ಬರದು ಕೊಟ್ಟಾಳ. ದಾವಲನ ಹೇಣ್ತಿ ಅಖ್ತರಬಾನು, "ನೀವ ನೋಡಿದ್ರಿ ಅಂತ ಜೀವ ಉಳೀತು ಅಣ್ಣಾ," ಅಂತ ದಿನಾ ನನಗ ಬುತ್ತಿ ಕಟ್ಟಿ ಕೊಡತಾಳ. ತಿಂತೀನಿ.

ನನ್ನ ಬಿಪಿ ಗುಳಿಗಿ ಇನ್ನೂ ಹತ್ತ ದಿನಕ್ಕ ಅದಾವ, ಕಳಸಬ್ಯಾಡ. ಕಾರ್ಡು ಅಂದ್ರ ಮುಚ್ಚಲಾರದ ಕಾಗದ, ಪೋಸ್ಟಿನವ ಓದಿದ್ರ ಓದ್ಲಿ. ಅಖ್ತರಬಾನುಗ ಇನ್ನೂ ಹೇಳಿಲ್ಲ.

ದುಂಡಪ್ಪ