ಕಿಟಕಿಯ ಬಳಿ ಎರಡು ಕುರ್ಚಿ

ರಾಮದುರ್ಗ
12-11-1974

ಪ್ರೀತಿಯ ತಾಯವ್ವ,

ಲಗ್ನವಾದ ವಾರವೇ ನಿನಗೆ ಅನ್ಯಾಯ ಮಾಡಿದೆ. ದೊಡ್ಡ ಹೋಟೆಲುಗಳು ಬಡವರ ಬೆವರಿನಿಂದ ಎದ್ದವು ಎಂದು ಭಾಷಣ ಬಿಗಿದು, ಬೆಳಗಾವಿಯ ಧರ್ಮಶಾಲೆಗೆ ಕರೆದೊಯ್ದೆ. ಅಲ್ಲಿ ಗಂಡಸರು, ಹೆಂಗಸರು ಬೇರೆ ಬೇರೆ ಮಲಗಬೇಕೇ ಎಂದು ವಿಚಾರಿಸಿರಲೇ ಇಲ್ಲ. ಬೆಳಿಗ್ಗೆ ನಳದ ಹತ್ತಿರ ನೀನು, "ಏನ್ರಿ ಕ್ರಾಂತಿಕಾರಿ, ನಿದ್ದಿ ಛಲೋ ಬಂತೇನು?" ಎಂದು ನಕ್ಕದ್ದು ಇಲ್ಲಿ ನಾನು ನೇಯುವ ಮಗ್ಗದ ಸದ್ದಿನಲ್ಲೂ ಕೇಳುತ್ತದೆ. ನೀನು ಪಾಠ ಹೇಳಲು ಸವದತ್ತಿಯ ಶಾಲೆಗೆ ಮರಳಿ ಮೂರು ತಿಂಗಳಾಯಿತು.

ನಿನ್ನೆ ಬೆಳಗಾವಿಗೆ ಹೋಗಿ ಮೂರು ದೊಡ್ಡ ಹೋಟೆಲು ನೋಡಿದೆ. ಲಿಫ್ಟು, ನೆಲಕ್ಕೆ ಹಾಸಿದ ಗಾಲಿಚ ಯಾವುದೂ ನನಗೆ ಬೇಕಿಲ್ಲ. ಕಿಟಕಿಯ ಬಳಿ ಎರಡು ಕುರ್ಚಿಗಳಿರುವ ಕೋಣೆಯನ್ನು ಶನಿವಾರ ರಾತ್ರಿಗೆ ನಮ್ಮಿಬ್ಬರಿಗೆ ಹಿಡಿದಿದ್ದೇನೆ. ದೊಡ್ಡ ಹೋಟೆಲುಗಳ ಬಗ್ಗೆ ನನ್ನ ವಿಚಾರ ಬದಲಾಗಿಲ್ಲ. ಅಲ್ಲಿಯೇ ಕುಳಿತು ಜಗಳವಾಡೋಣ. ಲಗ್ನದ ಫೋಟೊ ತಾ, ಗಂಡ ಹೆಂಡತಿ ಎಂಬುದಕ್ಕೆ ಹೋಟೆಲಿನವರು ಗುರುತು ಕೇಳಬಹುದು.

ಶನಿವಾರ ಮಧ್ಯಾಹ್ನ ಎರಡಕ್ಕೆ ಯರಗಟ್ಟಿಯ ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ; ಅಲ್ಲಿಂದ ಕೂಡಿಯೇ ಬೆಳಗಾವಿಗೆ ಹೋಗೋಣ.

ನಿನ್ನ
ಲಗಮಪ್ಪ